ಎರೆನಾಡಿನ ಹಾದಿಯೂ ಬೈಸಿಕಲ್ಲೂ

ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ದೋಆಬಿನ ಹೆಸರನ್ನು ಕೇಳಿದೊಡನೆ ಇತಿಹಾಸವನ್ನು ಬಲ್ಲ ವಾಚಕರ ಕಣ್ಣಿಗೆ ಕಟ್ಟುವುದು ರಣರಂಗವೇ. ರಾಜೇಂದ್ರಚೋಳನು ಚಾಲುಕ್ಯ ಜಯಸಿಂಹನನ್ನು ಸೋಲಿಸಿದೆನೆಂದು ಹೇಳಿಕೊಳ್ಳುವ ಮುಯಂಗಿಯು ಈಗಿನ ಮಸ್ಕಿಯೇ ಎಂಬುದು ಅನೇಕ ವಿದ್ವಾಂಸರ ಮತ. ಮುದಗಲ್ಲು ರಾಯಚೂರು ಕೋಟೆಗಳಿಗಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ತಲೆಮಾರುಗಳ ಕಾಲ ಕಾದಾಡಿದರು. ಆದರೆ ದಂಡು ಬಂದು ಹೋಗುವುದು ಕೆಲವು ವಾರಗಳ ಮಾತು. ಉಳಿದ ದಿನಗಳಲ್ಲೆಲ್ಲ ಈ ನೆಲದಲ್ಲಿ ನಡೆದಾಡಿದವರು ಒಕ್ಕಲುಮಕ್ಕಳು, ಬಂಡಿ ಹೊಡೆಯುವವರು, ಸಂತೆಗೆ ಹೋಗುವವರು. ಅವರ ಹಾದಿಗಳ ವೃತ್ತಾಂತವನ್ನು ಆಸ್ಥಾನದ ಲೇಖಕರಾರೂ ಬರೆದಿಡಲಿಲ್ಲ. ಅದನ್ನು ನೆಲದ ಮೇಲೆಯೇ ಓದಿಕೊಳ್ಳಬೇಕು. ಹಾಗೆ ಓದುವುದಕ್ಕೆ ಕಾಲ್ನಡಿಗೆ ತೀರ ನಿಧಾನವಾಯಿತು, ಮೋಟಾರು ಅತಿವೇಗವಾಯಿತು. ಬೈಸಿಕಲ್ಲೇ ತಕ್ಕ ವಾಹನ.

ಸಿಂಧನೂರಿನಿಂದ ಮಸ್ಕಿಯನ್ನು ಹಾದು ಲಿಂಗಸುಗೂರಿಗೆ ಸುಮಾರು 50 ಕಿಲೋಮೀಟರು. ಏರು ಇಳಿಜಾರುಗಳು ಇಲ್ಲವೆನ್ನುವಷ್ಟು ಅಲ್ಪ. ಇಷ್ಟು ಸಮತಲವಾದ ನಾಡಿನಲ್ಲಿ ಚಕ್ರವು ಅನಾಯಾಸವಾಗಿ ಉರುಳುತ್ತಿದ್ದಿರಬೇಕೆಂದು ದೂರದವರು ಊಹಿಸಬಹುದು. ನೆಲದ ಗುಣವನ್ನು ಬಲ್ಲವರು ಹಾಗೆ ಹೇಳಲಾರರು. ಇಲ್ಲಿನ ಎರೆಭೂಮಿ ಬೇಸಿಗೆಯಲ್ಲಿ ಬಿರಿದು ಬಾಯ್ದೆರೆಯುವುದು. ಮಳೆ ಬಿದ್ದರೆ ಅಂಟಾಗಿ ಚಕ್ರವನ್ನು ಹಿಡಿದುಕೊಳ್ಳುವುದು. ಒಂದು ಹದಮಳೆಯಾದ ಮೇಲೆ ಹೊಲದ ದಾರಿಯಲ್ಲಿ ಬೈಸಿಕಲ್ಲನ್ನು ನೂರು ಮಾರು ನೂಕಿದವನಿಗೆ, ಟಯರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡ ಮಣ್ಣನ್ನು ಕಡ್ಡಿಯಿಂದ ಕೆದರುತ್ತ ನಿಂತಾಗ, ಈ ಸೀಮೆಯ ಯುದ್ಧಗಳ ಮರ್ಮವೊಂದು ತಾನಾಗಿಯೇ ಹೊಳೆಯುತ್ತದೆ. ಕೃಷ್ಣದೇವರಾಯನು ಆದಿಲಶಾಹನನ್ನು ಗೆದ್ದ ರಾಯಚೂರಿನ ಕಾಳಗವು 1520ರ ಮೇ ತಿಂಗಳಲ್ಲಿ, ಬಿರುಬೇಸಿಗೆಯಲ್ಲಿ, ನಡೆಯಿತೆಂದು ಸಾಮಾನ್ಯವಾಗಿ ಎಣಿಸಲಾಗಿದೆ. ಎತ್ತಿನ ಸಾಮಗ್ರಿಬಂಡಿಗಳನ್ನು ಜತೆಗೊಂಡ ದೊಡ್ಡ ದಂಡಿಗೆ ಮುಂಗಾರಿನ ಎರೆಯಲ್ಲಿ ದಾರಿಯೆಂಬುದೇ ಇಲ್ಲ.

ನೆಲವನ್ನು ಗೆದ್ದದ್ದು ಕಂಕರು ರಸ್ತೆ. ನಿಜಾಮರ ರಾಜ್ಯದಲ್ಲಿ ಹೈದರಾಬಾದು ಕಂಟಿಂಜೆಂಟ್ ಸೈನ್ಯದ ಛಾವಣಿ ಲಿಂಗಸುಗೂರಿನಲ್ಲಿ ಇತ್ತು. 1858ರಲ್ಲಿ ಸುರಪುರದ ನಾಯಕನ ಮೇಲೆ ನಡೆದ ದಂಡು ಇಲ್ಲಿಂದಲೂ ಹೊರಟಿತು. 1905ರ ವರೆಗೆ ಲಿಂಗಸುಗೂರೇ ಒಂದು ಜಿಲ್ಲೆಯ ಮುಖ್ಯಸ್ಥಳವಾಗಿತ್ತೆಂಬುದನ್ನು ಇಂದಿನವರು ಬಹುಮಟ್ಟಿಗೆ ಮರೆತಿದ್ದಾರೆ. ಇತ್ತ 1871ರಲ್ಲಿ ಮುಂಬಯಿ ಮದರಾಸುಗಳ ರೈಲು ರಾಯಚೂರಿನಲ್ಲಿ ಕೂಡಿತಾದರೂ, ಸಿಂಧನೂರಿಗೆ ರೈಲು ಬರುವುದಕ್ಕೆ 2024ನೆಯ ವರ್ಷವೇ ಬರಬೇಕಾಯಿತು. ನಡುವಣ ಒಂದೂವರೆ ಶತಮಾನವನ್ನು ಈ ಊರುಗಳು ಬಂಡಿಯಲ್ಲಿಯೂ ಬಸ್ಸಿನಲ್ಲಿಯೂ ಬೈಸಿಕಲ್ಲಿನಲ್ಲಿಯೂ ಕಳೆದವು. ಎರಡು ಸಮಚಕ್ರಗಳ ಬೈಸಿಕಲ್ಲು ಇಂಗ್ಲೆಂಡಿನಲ್ಲಿ ರೂಪುಗೊಂಡದ್ದು 1885ರಲ್ಲಿ. ಡನ್ಲಪ್ಪನು ಅದಕ್ಕೆ ಗಾಳಿ ತುಂಬಿದ ಟಯರನ್ನು ಒದಗಿಸಿದ್ದು 1888ರಲ್ಲಿ. ಜಾಲಿಮುಳ್ಳಿನ ಈ ನಾಡಿಗೆ ಅಂಥ ಟಯರು ಬಂದದ್ದು ಒಂದು ಸಾಹಸವೇ ಸರಿ. ಆದರೂ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಶಾಲೆಯ ಚೀಲ ಎಲ್ಲವನ್ನೂ ಅದು ಹೊತ್ತಿತು. 2006ರ ಸುಮಾರಿಗೆ ರಾಜ್ಯಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಹಂಚತೊಡಗಿದಾಗ, ಹೈಸ್ಕೂಲಿಲ್ಲದ ಹಳ್ಳಿಗಳ ಹೆಣ್ಣುಮಕ್ಕಳಿಗೆ ಅದರಿಂದಾದ ಉಪಕಾರವು ಎಷ್ಟೋ ದೊಡ್ಡ ಯೋಜನೆಗಳಿಂದಲೂ ಆಗಲಿಲ್ಲವೆಂದರೆ ಅತಿಶಯೋಕ್ತಿಯಲ್ಲ.

ಈಗ ಈ ಮೂರೂರುಗಳನ್ನು ಕೂಡಿಸುವ ದಾರಿ ರಾಷ್ಟ್ರೀಯ ಹೆದ್ದಾರಿಯಾಗಿದೆ. ಲಾರಿಗಳ ಸದ್ದಿನಲ್ಲಿ ಅಲ್ಲಿ ಯಾವುದೂ ಕೇಳಿಸದು. ಶಾಂತವಾಗಿ ಪಯಣಿಸಬೇಕೆಂಬವನು ನಾಲೆಯ ದಂಡೆಯನ್ನು ಹಿಡಿಯಬೇಕು. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯಿತು. ಎಡದಂಡೆ ನಾಲೆಯ ಉದ್ದ ಸುಮಾರು 227 ಕಿಲೋಮೀಟರು. ಅದರ ಉಪಕಾಲುವೆಗಳ ಬದಿಯ ಮಣ್ಣುದಾರಿಯಲ್ಲಿ ಹೋಗುವವನಿಗೆ ಒಂದು ಕಡೆ ನೀರು, ಇನ್ನೊಂದು ಕಡೆ ಕಣ್ಣುಹರಿಯುವವರೆಗೆ ಭತ್ತ. ಆಗಾಗ ಬೆಳ್ಳಕ್ಕಿಗಳ ಹಿಂಡು. ದಾರಿಯಲ್ಲಿ ಸಿಕ್ಕುವ ಊರುಗಳ ಹೆಸರಿನ ಕೊನೆಯಲ್ಲಿ ‘ಕ್ಯಾಂಪು’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅವು ನೀರಿನ ಬೆನ್ನು ಹಿಡಿದು ಆಂಧ್ರದ ಕರಾವಳಿಯಿಂದ ಬಂದ ರೈತರ ವಸತಿಗಳು. ಪೂರ್ವಬಂಗಾಲದಿಂದ ನಿರಾಶ್ರಿತರಾಗಿ ಬಂದವರಿಗೂ ಸಿಂಧನೂರಿನ ಬಳಿ ಇಂಥವೇ ಕ್ಯಾಂಪುಗಳಾದವು. ಹೀಗೆ ಒಂದೇ ಮುಂಜಾನೆಯಲ್ಲಿ ಕನ್ನಡ, ತೆಲುಗು, ಬಂಗಾಲಿ ಮೂರೂ ಕಿವಿಗೆ ಬೀಳುತ್ತವೆ.

ಈ ನಾಲೆಯನ್ನು ಯೋಜಿಸಿದವರು ಜೋಳ ಹತ್ತಿಗಳಂಥ ಬೆಳೆಗಳಿಗೆ ಲಘುವಾಗಿ ನೀರುಣಿಸಿ, ಬರದ ಬಾಧೆಯನ್ನು ವಿಶಾಲವಾದ ಪ್ರದೇಶದಿಂದ ಕಳೆಯಬೇಕೆಂದು ಉದ್ದೇಶಿಸಿದ್ದರು. ನಾಲೆಯ ಮೇಲ್ಭಾಗದವರು ಭತ್ತ ಹಚ್ಚಿದರು. ಕೆಳಭಾಗದವರಿಗೆ ನೀರು ಅರಿದಾಯಿತು. ಅಣೆಕಟ್ಟಿನಲ್ಲಿಯೋ ಹೂಳು ತುಂಬಿ, 133 ಟಿ.ಎಂ.ಸಿ.ಯಷ್ಟಿದ್ದ ಸಂಗ್ರಹಶಕ್ತಿ 106ರ ಒಳಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋದಾಗ ಈ ದಂಡೆಗಳ ಮೇಲೆ ಜನರಿಗೆ ನಿದ್ರೆ ಬಂದಿರಲಾರದು.

ಮಸ್ಕಿ ಹತ್ತಿರವಾದಂತೆ ಹಸುರು ತೆಳುವಾಗಿ ಬಂಡೆಯ ಗುಡ್ಡಗಳು ತಲೆಯೆತ್ತುತ್ತವೆ. ಬೈಸಿಕಲ್ಲನ್ನು ಇಲ್ಲಿ ನಿಲ್ಲಿಸದೆ ಮುಂದೆ ಹೋಗುವವನು ಅಭಾಗ್ಯನೇ ಸರಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರನಾದ ಬೀಡನ್ ಎಂಬಾತನು ಚಿನ್ನದ ಅದುರನ್ನು ಅರಸುತ್ತ ಅಲೆಯುವಾಗ, ಗುಡ್ಡದ ಬದಿಯ ಬಂಡೆಯೊಂದರ ಮೇಲೆ ಬ್ರಾಹ್ಮೀಲಿಪಿಯ ಬರಹವನ್ನು ಕಂಡನು. ಹೆಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಓದಿ ಪ್ರಕಟಿಸಿದರು. ಅಲ್ಲಿಯ ತನಕ ದೊರೆತಿದ್ದ ಧರ್ಮಶಾಸನಗಳಲ್ಲೆಲ್ಲ ಇದ್ದುದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ. ಈ ಅರಸನು ಅಶೋಕನೇ ಎಂಬುದನ್ನು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಿದ್ದರು. ಮಸ್ಕಿಯ ಬಂಡೆಯಲ್ಲಿ ಆ ಬಿರುದಿನ ಜತೆಗೆ ಅಶೋಕನೆಂಬ ಹೆಸರೇ ಇದ್ದಿತು. ಸಿದ್ಧಾಂತಕೌಮುದಿಯನ್ನು ಓದಿದವರಿಗೆ ‘ದೇವಾನಾಂಪ್ರಿಯ’ ಎಂದರೆ ಮೂರ್ಖನೆಂಬ ಅರ್ಥವು ಕಂಠಸ್ಥವಾಗಿರುತ್ತದೆ. ಅಲುಕ್ಸಮಾಸದ ಆ ಉದಾಹರಣೆಯನ್ನು ಒಪ್ಪಿಸುವ ವಿದ್ಯಾರ್ಥಿಗಳಿಗೆ ಅದು ಒಬ್ಬ ಚಕ್ರವರ್ತಿಯ ಬಿರುದೆಂಬ ಶಂಕೆಯೂ ಹುಟ್ಟುವುದಿಲ್ಲ. ವ್ಯಾಕರಣವು ಕೆಡಿಸಿದ ಮಾತನ್ನು ಕಲ್ಲು ಕಾಪಾಡಿತು. ಶಾಸನದ ತಾತ್ಪರ್ಯವೂ ದಾರಿಹೋಕನಿಗೆ ತಕ್ಕದ್ದೇ: ಧರ್ಮದಲ್ಲಿ ತೊಡಗಿದರೆ ಅಲ್ಪನೂ ಉನ್ನತಿಯನ್ನು ಪಡೆಯಬಲ್ಲನು, ಅದು ದೊಡ್ಡವರ ಸೊತ್ತೆಂದು ಎಣಿಸಬಾರದು.

ಮುಂದೆ ಕೊಪ್ಪಳದ ಗವಿಮಠ ಪಾಲ್ಕಿಗುಂಡುಗಳಲ್ಲಿಯೂ, ಸಿಂಧನೂರಿನಿಂದ ಹೊಳೆಯಾಚೆ ಸಿರುಗುಪ್ಪದ ಕಡೆಯ ನಿಟ್ಟೂರು ಉಡೆಗೋಳಗಳಲ್ಲಿಯೂ ಇಂಥ ಶಾಸನಗಳು ದೊರೆತವು. ಕಡೆಯ ಎರಡರಲ್ಲಿ ಅಶೋಕನ ಹೆಸರೂ ಉಂಟು. ದೂರದ ಪಾಟಲೀಪುತ್ರದ ಅರಸನು ಈ ಮೂಲೆಯಲ್ಲಿ ಇಷ್ಟು ಒತ್ತೊತ್ತಾಗಿ ಬರೆಯಿಸಿದ್ದಕ್ಕೆ ಇಲ್ಲಿನ ಚಿನ್ನವೂ ಒಂದು ಕಾರಣವೆಂದು ಊಹಿಸುವವರಿದ್ದಾರೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನರು ನೂರಾರು ಅಡಿ ಆಳಕ್ಕೆ ತೋಡಿದ ಗಣಿಗಳಿರುವುದರಿಂದ ಆ ಊಹೆ ನಿರಾಧಾರವೇನೂ ಅಲ್ಲ.

ಮಸ್ಕಿಯಿಂದಾಚೆ ದಾರಿಯ ಬಣ್ಣವೇ ಬೇರೆ. ನಾಲೆಯ ಪ್ರಸ್ತ ಮುಗಿದು ತೊಗರಿ, ಸಜ್ಜೆ, ಹಿಂಗಾರಿಯ ಬಿಳಿಜೋಳ ಕಾಣುತ್ತವೆ. ಕೃಷ್ಣೆಯ ನಾರಾಯಣಪುರ ಬಲದಂಡೆಯ ನೀರು ಲಿಂಗಸುಗೂರಿನ ಕೆಲವು ಭಾಗಗಳಿಗೆ ಬಂದಿದೆಯಾದರೂ ನಡುವಣ ಹಳ್ಳಿಗಳು ಎರಡು ಹೊಳೆಗಳ ಮಧ್ಯದಲ್ಲಿದ್ದೂ ಒಣಗಿವೆ. 5ಎ ಕಾಲುವೆ ಬೇಕೆಂದು ಅಲ್ಲಿಯ ರೈತರು 2020ರಲ್ಲಿ ಧರಣಿ ಕುಳಿತರು. ದೋಆಬಿನ ಗಡಿಯು ಒಮ್ಮೆ ಕೋಟೆಗಳಲ್ಲಿ ಇದ್ದಿತು. ಈಗ ಅದು ನೀರು ನಿಲ್ಲುವ ಕಡೆಯಲ್ಲಿದೆ, ಮತ್ತು ಬೈಸಿಕಲ್ಲಿನವನು ಅದನ್ನು ನಕಾಶೆಯಿಲ್ಲದೆಯೇ ಗುರುತಿಸುತ್ತಾನೆ.

ಈ ಕಡೆಯ ಅರ್ಧದಾರಿಗೆ ಕಾಲವನ್ನು ಆರಿಸಿಕೊಳ್ಳುವುದು ಮುಖ್ಯ. ಸಮತಲದಲ್ಲಿ ಏರಿನ ಕೆಲಸವನ್ನು ಗಾಳಿಯೇ ಮಾಡುತ್ತದೆ. ಆಷಾಢದಲ್ಲಿ ಪಡುವಣ ಗಾಳಿ ಎದುರಾಗಿ ಎದೆಯನ್ನು ನೂಕುವುದರಿಂದ ಹೊರಟವನು ಅಂದೇ ಲಿಂಗಸುಗೂರು ಸೇರುವ ಭರವಸೆಯಿಲ್ಲ. ಪುಷ್ಯಮಾಘಗಳಲ್ಲಿ ಮೂಡಣ ಗಾಳಿ ಬೆನ್ನಿಗಿರುತ್ತದೆ. ಜೋಳ ತೆನೆ ಹಿಡಿದಿರುತ್ತದೆ, ಹೊಲದ ಅಟ್ಟಣೆಯ ಮೇಲಿಂದ ಹಕ್ಕಿ ಕಾಯುವವರು ಕೂಗಿ ಮಾತನಾಡಿಸುತ್ತಾರೆ, ಹೊತ್ತು ಮುಳುಗುವುದರೊಳಗೆ ಲಿಂಗಸುಗೂರು ಬಂದಿರುತ್ತದೆ.