ವ್ರತ, ಅಡಿಗೆಮನೆ, ಅನುರಾಗ: ‘ಫೈರ್’ ಚಿತ್ರದ ಸಾಕ್ಷ್ಯ

ಶಾಸನ, ಕಡತಗಳಂತೆ ಚಲನಚಿತ್ರವೂ ಚರಿತ್ರೆಯ ಆಕರವಾಗಬಲ್ಲುದು. ಕುಟುಂಬದ ಒಳಬಾಳನ್ನು ಕುರಿತು ದಾಖಲೆಗಳು ಮೌನವಾಗಿರುವೆಡೆ ಅದಕ್ಕೆ ವಿಶೇಷ ಬೆಲೆಯುಂಟು. ದೀಪಾ ಮೆಹ್ತಾ ಅವರು ರಚಿಸಿ ನಿರ್ದೇಶಿಸಿದ ‘ಫೈರ್’ (1996) ಚಿತ್ರವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಕಥೆ ದೆಹಲಿಯ ಒಂದು ಅವಿಭಕ್ತ ಕುಟುಂಬದ್ದು. ಅಡಿಗೆಯನ್ನು ಕಟ್ಟಿಕೊಡುವ ಅಂಗಡಿಯೇ ಅದರ ಜೀವನೋಪಾಯ; ಅಲ್ಲಿ ದುಡಿಯುವವರು ಮನೆಯ ಸೊಸೆಯರಾದ ರಾಧಾ (ಶಬಾನಾ ಆಜ್ಮಿ) ಮತ್ತು ಸೀತಾ (ನಂದಿತಾ ದಾಸ್). ಹಿರಿಯಳ ಪತಿ ಅಶೋಕ್ ಸ್ವಾಮಿಯೊಬ್ಬರ ಉಪದೇಶದಂತೆ ಬ್ರಹ್ಮಚರ್ಯವನ್ನು ಕೈಕೊಂಡವನು. ಕಿರಿಯಳ ಪತಿ ಜತಿನ್ ಅನ್ಯಸ್ತ್ರೀಯಲ್ಲಿ ಅನುರಕ್ತ. ಹೀಗೆ ಎಲ್ಲರಿಗೂ ಉಣಬಡಿಸುವ ಇಬ್ಬರೂ ಒಲವಿಗೆ ಹಸಿದವರು. ಒಲೆಯ ಬಳಿಯ ಸಾಹಚರ್ಯ ಕ್ರಮೇಣ ಪ್ರಣಯವಾಗಿ ಪರಿಣಮಿಸುತ್ತದೆ.

ಚಿತ್ರದ ಮರ್ಮವಿರುವುದು ‘ಕರ್ವಾ ಚೌತ್’ ಪ್ರಸಂಗದಲ್ಲಿ. ಉತ್ತರ ಭಾರತದ ಸುಮಂಗಲಿಯರು ಪತಿಯ ಆಯುರ್ವೃದ್ಧಿಗಾಗಿ ಆಚರಿಸುವ ಈ ವ್ರತ ಅಲ್ಲಿನ ಪೂರ್ಣಿಮಾಂತ ಗಣನೆಯಂತೆ ಕಾರ್ತಿಕ ಕೃಷ್ಣ ಚತುರ್ಥಿಯಂದು, ನಮ್ಮ ಅಮಾಂತ ಗಣನೆಯಂತೆ ಆಶ್ವಯುಜ ಬಹುಳ ಚತುರ್ಥಿಯಂದು ಬರುತ್ತದೆ. ಹಗಲೆಲ್ಲ ನೀರನ್ನೂ ಮುಟ್ಟದೆ, ಚಂದ್ರದರ್ಶನವಾದ ಮೇಲೆ ಪತಿಯ ಕೈಯಿಂದ ನೀರು ಕುಡಿದು ಉಪವಾಸ ಬಿಡುವುದು ರೂಢಿ. ಚಿತ್ರದಲ್ಲಿ ಸೀತೆಗೆ ನೀರು ಕೊಡುವವಳು ರಾಧೆ. ವಿಧಿ ಅದೇ, ಕೊಡುವ ಕೈ ಮಾತ್ರ ಬೇರೆ. ತಮ್ಮ ಸಂಬಂಧವನ್ನು ಹೆಸರಿಸಲು ತಮ್ಮ ಭಾಷೆಯಲ್ಲಿ ಪದವಿಲ್ಲವೆಂದು ಸೀತೆ ಹೇಳುವುದುಂಟು. ಪದವಿಲ್ಲದೆಡೆ ಆಚಾರವೇ ಭಾಷೆಯಾಯಿತು.

1998ರ ನವೆಂಬರಿನಲ್ಲಿ ಚಿತ್ರ ಭಾರತದಲ್ಲಿ ಬಿಡುಗಡೆಯಾಯಿತು. ಡಿಸೆಂಬರಿನಲ್ಲಿ ಶಿವಸೇನೆಯ ಕಾರ್ಯಕರ್ತರು ಮುಂಬಯಿ, ದೆಹಲಿಗಳ ಚಿತ್ರಮಂದಿರಗಳಲ್ಲಿ ದಾಂಧಲೆ ನಡೆಸಿದರು. ಸೆನ್ಸಾರ್ ಮಂಡಲಿಗೆ ಮರಳಿದ ಚಿತ್ರ 1999ರಲ್ಲಿ ಯಾವ ಕತ್ತರಿಯೂ ಇಲ್ಲದೆ ಪುನಃ ತೆರೆಗೆ ಬಂದಿತು. ಇಂಥ ಪ್ರೇಮ ನಮ್ಮ ಸಂಪ್ರದಾಯಕ್ಕೆ ಪರಕೀಯವೆಂಬುದು ವಿರೋಧಿಗಳ ವಾದ. ಆದರೆ ಈ ಸ್ತ್ರೀಯರು ಸಂಪ್ರದಾಯವನ್ನು ಹೊರಗಿನಿಂದ ಖಂಡಿಸಿದವರಲ್ಲ; ಅದರ ಉಪವಾಸವನ್ನೂ ನೀರನ್ನೂ ತಮ್ಮ ಒಲವಿಗೆ ವಿನಿಯೋಗಿಸಿಕೊಂಡವರು. ವಾದ ಇಲ್ಲಿಯೇ ದುರ್ಬಲವಾಗುತ್ತದೆ.

ಆದರೂ ಆಚಾರ ಭಾಷೆಯನ್ನಿತ್ತಿತೇ ಹೊರತು ಆಶ್ರಯವನ್ನೀಯಲಿಲ್ಲ. ಒಲೆಯ ಬೆಂಕಿ ರಾಧೆಯ ಸೀರೆಗೆ ತಗುಲಿದಾಗ ಅಶೋಕ್ ತನ್ನ ತಾಯಿಯನ್ನೆತ್ತಿಕೊಂಡು ಹೊರನಡೆಯುತ್ತಾನೆ. ಬದುಕಿ ಬಂದ ರಾಧೆ ಸೀತೆಯನ್ನು ಕೂಡಿಕೊಳ್ಳುವುದು ಮನೆಯಲ್ಲಲ್ಲ, ನಿಜಾಮುದ್ದೀನ್ ದರ್ಗಾದಲ್ಲಿ. ಮುಂದಿನ ಚರಿತ್ರೆಯೂ ಇದಕ್ಕೆ ದೂರವಲ್ಲ. ವಯಸ್ಕರ ಸಮ್ಮತಿಯುಳ್ಳ ಸಲಿಂಗಸಂಬಂಧ ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರ್ 6ರಂದು ತೀರ್ಮಾನಿಸಿತು. 2023ರ ಅಕ್ಟೋಬರ್ 17ರಂದು ಅಂಥವರ ವಿವಾಹಕ್ಕೆ ಮಾನ್ಯತೆ ನೀಡಲು ಒಪ್ಪಲಿಲ್ಲ. ಅಪರಾಧದ ಕಳಂಕ ತೊಲಗಿದ ಮಾತ್ರಕ್ಕೆ ಮನೆಯೊಳಗೆ ಸ್ಥಾನ ದೊರೆಯದೆಂಬುದನ್ನು ಈ ಚಿತ್ರ ಮೊದಲೇ ಕಂಡಿದ್ದಿತು.