ಬಯಲುಸೀಮೆಯ ಗೋಣಿ ಸೊಪ್ಪು

ಮೊದಲ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಹೊಲದ ಸಾಲುಗಳ ನಡುವೆ ತಾನಾಗಿ ಹುಟ್ಟಿ, ನೆಲಕ್ಕೆ ಅಂಟಿಕೊಂಡು ಹರಡುವ ಸಸ್ಯ ಗೋಣಿ ಸೊಪ್ಪು. ಇದರ ಸಸ್ಯಶಾಸ್ತ್ರೀಯ ಹೆಸರು ಪೋರ್ಚುಲಾಕಾ ಒಲರೇಸಿಯಾ. ಮರಾಠಿಯಲ್ಲಿ ಘೋಳ, ತಮಿಳಿನಲ್ಲಿ ಪರುಪ್ಪು ಕೀರೈ ಎಂದು ಕರೆಯುತ್ತಾರೆ. ಕೆಂಪು ಛಾಯೆಯ ರಸಭರಿತ ಕಾಂಡ, ದಪ್ಪನೆಯ ನುಣುಪಾದ ಪುಟ್ಟ ಎಲೆ, ಬಿಸಿಲೇರಿದಾಗ ಅರಳಿ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳುವ ಹಳದಿ ಹೂವು ಇದರ ಗುರುತುಗಳು.

ಕೃಷಿ ವಿಜ್ಞಾನ ಇದನ್ನು ಕಳೆಗಳ ಪಟ್ಟಿಗೆ ಸೇರಿಸಿದೆ. ಬಲಿತ ಗಿಡವೊಂದು ಲಕ್ಷಕ್ಕೂ ಮಿಗಿಲಾಗಿ ಬೀಜ ಉದುರಿಸಬಲ್ಲದು. ಕಿತ್ತೆಸೆದ ಕಾಂಡವೂ ತೇವ ಸಿಕ್ಕರೆ ಮತ್ತೆ ಬೇರು ಬಿಡುತ್ತದೆ. ಆದರೆ ಕಳೆ ಕೀಳಲು ಹೋದ ಹೆಂಗಸರಿಗೆ ಅದು ಸಂಜೆಯ ಸಾರಿನ ಸೊಪ್ಪು. ಬದುವಿಗೆ ಎಸೆಯದೆ ಮಡಿಲು ತುಂಬಿಕೊಳ್ಳುತ್ತಿದ್ದರು.

ಬಿಸಿಲನ್ನು ತಾಳುವ ಇದರ ಶಕ್ತಿ ಅಸಾಧಾರಣವಾದುದು. ಸಾಮಾನ್ಯವಾಗಿ ಇದು ಜೋಳ, ಕಬ್ಬುಗಳಂತೆ ಬೇಗ ಬೆಳೆಯುವ ವಿಧಾನದಲ್ಲಿ ಆಹಾರ ತಯಾರಿಸಿಕೊಳ್ಳುತ್ತದೆ. ನೀರು ಕಡಿಮೆಯಾದಾಗ ಪಾಪಾಸುಕಳ್ಳಿಯ ವಿಧಾನವನ್ನೂ ಜೊತೆಗೆ ಬಳಸಿ, ರಾತ್ರಿ ಇಂಗಾಲದ ಡೈಆಕ್ಸೈಡನ್ನು ಹೀರಿ ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ. ಈ ಎರಡೂ ಕ್ರಿಯೆಗಳು ಎಲೆಯ ಅದೇ ಜೀವಕೋಶಗಳಲ್ಲಿ ನಡೆಯುತ್ತವೆ ಎಂಬುದನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2022ರಲ್ಲಿ ತೋರಿಸಿಕೊಟ್ಟರು. ಬರದ ದಿನಗಳಲ್ಲಿ ಮುಂಜಾನೆ ಕೊಯ್ದ ಸೊಪ್ಪು ಹೆಚ್ಚು ಹುಳಿಯಾಗಿರುವುದಕ್ಕೆ ಈ ಆಮ್ಲವೇ ಕಾರಣ.

ಸಾಮಾನ್ಯವಾಗಿ ಅಗಸೆಬೀಜಕ್ಕಾಗಿ ಹುಡುಕುವ ಒಮೆಗಾ-3 ಕೊಬ್ಬಿನಾಮ್ಲ 100 ಗ್ರಾಂ ಹಸಿ ಎಲೆಯಲ್ಲಿ 300ರಿಂದ 400 ಮಿಲಿಗ್ರಾಂನಷ್ಟಿದೆ. ಹಸಿರು ಸೊಪ್ಪುಗಳಲ್ಲಿ ಇದು ಅಪರೂಪವೇ ಸರಿ. ತೊಗರಿಬೇಳೆಯೊಡನೆ ಬೇಯಿಸಿದ ಪಲ್ಯ, ಬೆರಕೆ ಸೊಪ್ಪಿನ ಸಾರು ಇದರ ಸಾಮಾನ್ಯ ಅಡುಗೆಗಳು. ಹುಳಿ ಇರುವುದರಿಂದ ಹುಣಸೆ ಕಡಿಮೆ ಸಾಕು. ಎಲೆಯ ಲೋಳೆ ಸಾರನ್ನು ಮಂದವಾಗಿಸುತ್ತದೆ.

ಎಚ್ಚರಿಕೆಯೂ ಅಗತ್ಯ. ಇದರಲ್ಲಿ ಆಕ್ಸಲೇಟ್ ಹೇರಳವಾಗಿರುವುದರಿಂದ ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ದೂರವಿರುವುದು ಲೇಸು. ಉಳಿದವರು ಬೇಯಿಸಿದ ನೀರನ್ನು ಚೆಲ್ಲಿ, ಮೊಸರು ಬೆರೆಸಿ ಉಂಡರೆ ದೇಹ ಹೀರಿಕೊಳ್ಳುವ ಆಕ್ಸಲೇಟ್ ತಗ್ಗುತ್ತದೆ. ಇದರ ಪಕ್ಕದಲ್ಲೇ ಹರಡುವ ಅಚ್ಚೆಗಿಡದ ಜಾತಿಯ ಕಳೆಗಳು ನೋಡಲು ಹೀಗೆಯೇ ಇರುತ್ತವೆ. ಕಾಂಡ ಮುರಿದಾಗ ಬಿಳಿ ಹಾಲು ಸುರಿದರೆ ಅದು ಗೋಣಿ ಸೊಪ್ಪಲ್ಲ, ತಿನ್ನಬಾರದು.

ಕಳೆನಾಶಕ ಸಿಂಪಡಿಸಿದ ಹೊಲದ ಸೊಪ್ಪನ್ನೂ, ಚರಂಡಿ ಬದಿಯದನ್ನೂ ತರಬಾರದು. ಬಿಸಿಲು ಬೀಳುವ ತಾರಸಿಯ ಕುಂಡದಲ್ಲಿ ಕಾಂಡದ ಒಂದು ತುಂಡನ್ನು ಊರಿದರೆ ಕೆಲವೇ ವಾರಗಳಲ್ಲಿ ಕೊಯ್ಲಿಗೆ ಬರುತ್ತದೆ. ನೀರು ಹಾಕಲು ಮರೆತರೂ ಬೇಗ ಬಾಡುವುದಿಲ್ಲ.