ಬೆಟ್ಟ ಇಳಿಯದ ಮಗ: ಆದಿಕಾಂಡ 22ರ ಯೆಹೂದಿ ಹಾಗೂ ಕ್ರೈಸ್ತ ವ್ಯಾಖ್ಯಾನಗಳ ಚರಿತ್ರೆ

ಹೀಬ್ರೂ ಬೈಬಲಿನ ಆದಿಕಾಂಡದ 22ನೆಯ ಅಧ್ಯಾಯದಲ್ಲಿ ಅಬ್ರಹಾಮನ ಪರೀಕ್ಷೆಯ ಕಥೆ ಬರೀ 19 ವಚನಗಳಲ್ಲಿ ಮುಗಿಯುತ್ತದೆ. ಮಗ ಇಸಾಕನನ್ನು ಮೊರೀಯ ಸೀಮೆಯ ಬೆಟ್ಟವೊಂದರ ಮೇಲೆ ಹೋಮವಾಗಿ ಅರ್ಪಿಸೆಂದು ದೇವರು ಕೇಳುತ್ತಾನೆ. ತಂದೆ ಕತ್ತಿ ಕೈಗೆತ್ತಿಕೊಂಡಾಗ ದೂತನ ದನಿ ತಡೆಯುತ್ತದೆ. ಪೊದೆಗೆ ಕೊಂಬು ಸಿಕ್ಕಿಕೊಂಡಿದ್ದ ಟಗರು ಬಲಿಯಾಗುತ್ತದೆ. ಬೆಟ್ಟ ಹತ್ತುವಾಗ ತಂದೆ ಮಗ ಇಬ್ಬರೂ ಜೊತೆಯಾಗಿ ನಡೆದರೆಂದು ಪಠ್ಯ ಎರಡು ಸಲ ಹೇಳುತ್ತದೆ. ಕೊನೆಯ ವಚನದಲ್ಲಿ ಆಳುಗಳ ಬಳಿಗೆ ಮರಳುವವನು ಮಾತ್ರ ಅಬ್ರಹಾಮನೊಬ್ಬನೇ. ಅಲ್ಲಿನ ಕ್ರಿಯಾಪದ ಏಕವಚನದಲ್ಲಿದೆ. ಹಾಗಾದರೆ ಇಸಾಕ ಎಲ್ಲಿ ಹೋದ?

ಯೆಹೂದಿ ಮತ್ತು ಕ್ರೈಸ್ತ ವ್ಯಾಖ್ಯಾನಕಾರರು ಈ ಕಥೆಗೆ ಕೊಟ್ಟ ಅರ್ಥಗಳನ್ನು ಸಾಮಾನ್ಯವಾಗಿ ಎರಡು ಪ್ರತ್ಯೇಕ ಪರಂಪರೆಗಳೆಂದು ಓದುತ್ತಾರೆ. ಇಸಾಕನ ಪ್ರಶ್ನೆಯ ಜಾಡು ಹಿಡಿದು ಹೊರಟರೆ ಬೇರೆಯೇ ಚಿತ್ರ ಕಾಣುತ್ತದೆ. ಎರಡೂ ಕಡೆಯವರು ಪಠ್ಯದ ಅದೇ ಮೌನವನ್ನು ತುಂಬುತ್ತಿದ್ದರು. ಹಲವು ಸಲ ಒಬ್ಬರ ಉತ್ತರ ಇನ್ನೊಬ್ಬರ ಕಿವಿಗೆ ಬಿದ್ದ ಗುರುತೂ ಉಳಿದಿದೆ.

ಹೆಸರಲ್ಲೇ ಇರುವ ಭೇದ

ಕ್ರೈಸ್ತರು ಈ ಪ್ರಸಂಗವನ್ನು ಇಸಾಕನ ಬಲಿ ಎಂದು ಕರೆಯುವುದು ರೂಢಿ. ಯೆಹೂದಿಗಳಿಗೆ ಇದು ‘ಅಕೇದಾ’, ಅಂದರೆ ಕಟ್ಟುವಿಕೆ. ಒಂಬತ್ತನೆಯ ವಚನದಲ್ಲಿ ಮಗನನ್ನು ಕಟ್ಟಿದನೆಂದು ಹೇಳಲು ಬಳಸಿರುವ ಧಾತು ಹೀಬ್ರೂ ಬೈಬಲಿನಲ್ಲಿ ಕ್ರಿಯಾಪದವಾಗಿ ಮತ್ತೆಲ್ಲೂ ಬರುವುದಿಲ್ಲ. ಬಲಿ ನಡೆಯಲಿಲ್ಲ, ಕಟ್ಟಿದ್ದು ಮಾತ್ರ ನಡೆಯಿತು ಎಂಬ ಎಚ್ಚರ ಆ ಹೆಸರಲ್ಲಿದೆ.

ಹೋಮ ಎಂಬ ಮಾತಿನ ಮೇಲೂ ಇಂಥದೇ ಚರ್ಚೆ ನಡೆದಿದೆ. ಹೀಬ್ರೂವಿನ ‘ಓಲಾ’ ಎಂಬ ಪದ ‘ಏರು’ ಎಂಬ ಧಾತುವಿನಿಂದ ಹುಟ್ಟಿದ್ದು. ಫ್ರಾನ್ಸಿನ ತ್ರುವಾ ಪಟ್ಟಣದ ವ್ಯಾಖ್ಯಾನಕಾರ ರಾಶಿ (1040–1105) ಹಳೆಯ ಮಿದ್ರಾಶ್ (ರಬ್ಬಿಗಳ ಬೈಬಲ್ ವ್ಯಾಖ್ಯಾನ) ಒಂದನ್ನು ಅನುಸರಿಸಿ, ದೇವರು ಮಗನನ್ನು ಮೇಲಕ್ಕೆ ಏರಿಸು ಎಂದನೇ ಹೊರತು ಕೊಯ್ಯಿ ಎನ್ನಲಿಲ್ಲ ಎಂದು ವಾದಿಸಿದ. ಏರಿಸಿದ್ದಾಯಿತು, ಇನ್ನು ಇಳಿಸು ಎಂಬುದು ಆ ಓದಿನ ತಾತ್ಪರ್ಯ. ಕನ್ನಡ ಬೈಬಲಿನಲ್ಲಿ ಈ ಪದಕ್ಕೆ ಬಳಕೆಯಾಗಿರುವ ‘ಸರ್ವಾಂಗಹೋಮ’ ಬಲಿಯ ವಿಧಿಯನ್ನು ನಿಖರವಾಗಿಯೇ ಹೇಳುತ್ತದೆ. ಆದರೆ ಏರುವ ಅರ್ಥ ಅದರಲ್ಲಿಲ್ಲ. ಕನ್ನಡದಲ್ಲಿ ಮಾತ್ರ ಓದಿದವರಿಗೆ ರಾಶಿಯ ವಾದ ಹೊಳೆಯುವ ದಾರಿಯೇ ಇಲ್ಲ.

ಹುಡುಗನೋ, ಪ್ರಾಯಸ್ಥನೋ

ಕಥೆಯಲ್ಲಿ ಇಸಾಕ ಬಾಯಿ ಬಿಡುವುದು ಒಂದೇ ಸಲ: ಬೆಂಕಿ, ಸೌದೆ ಇವೆ, ಕುರಿಮರಿ ಎಲ್ಲಿ ಎಂದು ಕೇಳುತ್ತಾನೆ. ಅವನ ವಯಸ್ಸನ್ನು ಪಠ್ಯ ಹೇಳುವುದಿಲ್ಲ. ಮೊದಲ ಶತಮಾನದ ಇತಿಹಾಸಕಾರ ಜೋಸೆಫಸ್ 25 ವರ್ಷವೆಂದ. ಯೆಹೂದಿ ಧರ್ಮಗುರುಗಳಾದ ರಬ್ಬಿಗಳು 37 ಎಂದರು. ಇಸಾಕ ಹುಟ್ಟಿದಾಗ ತಾಯಿ ಸಾರಳಿಗೆ 90, ತೀರಿಕೊಂಡಾಗ 127. ಅವಳ ಸಾವಿನ ಸುದ್ದಿ ಮುಂದಿನ ಅಧ್ಯಾಯದಲ್ಲೇ ಬರುತ್ತದೆ ಎಂಬುದು ಅವರ ಲೆಕ್ಕ. ಲೆಕ್ಕದ ಹಿಂದೆ ಒಂದು ಆಶಯವಿದೆ. ಮೂವತ್ತೇಳರ ಗಂಡಸನ್ನು ನೂರು ದಾಟಿದ ಮುದುಕ ಕಟ್ಟಿಹಾಕಬೇಕಾದರೆ ಮಗನ ಒಪ್ಪಿಗೆ ಬೇಕೇಬೇಕು. ಹೀಗೆ ಅಬ್ರಹಾಮನ ಪರೀಕ್ಷೆ ಇಸಾಕನ ಆತ್ಮಾರ್ಪಣೆಯೂ ಆಯಿತು.

ಸ್ವಇಚ್ಛೆಯ ಈ ಕಲ್ಪನೆ ಯಾವಾಗ ಹುಟ್ಟಿತೆಂಬುದು ವಿದ್ವಾಂಸರ ನಡುವಿನ ದೊಡ್ಡ ವಿವಾದ. ಅದು ಕ್ರೈಸ್ತ ಧರ್ಮಕ್ಕಿಂತ ಹಳೆಯದು, ಯೇಸುವಿನ ಮರಣವನ್ನು ಅರ್ಥೈಸಿಕೊಳ್ಳಲು ಆರಂಭದ ಕ್ರೈಸ್ತರಿಗೆ ಅದೇ ಅಚ್ಚು ಒದಗಿಸಿತು ಎಂದು ಗೇಜಾ ವರ್ಮೆಶ್ 1961ರಲ್ಲಿ ವಾದಿಸಿದರು. ಫಿಲಿಪ್ ಡೇವಿಸ್ ಮತ್ತು ಬ್ರೂಸ್ ಚಿಲ್ಟನ್ 1978ರಲ್ಲಿ ಇದನ್ನು ತಿರುಗಿಸಿದರು: ಕ್ರೈಸ್ತರ ಬೋಧನೆಗೆ ಉತ್ತರವಾಗಿ ರಬ್ಬಿಗಳು ಇದನ್ನು ಬೆಳೆಸಿದರೆಂದರು. 1994ರಲ್ಲಿ ಮೃತ ಸಮುದ್ರದ ಸುರುಳಿಗಳ ಪೈಕಿ 4ಕ್ಯೂ225 ಎಂಬ ತುಣುಕು ಪ್ರಕಟವಾದಾಗ ಚರ್ಚೆಗೆ ಮತ್ತೆ ಜೀವ ಬಂತು. ಅದರಲ್ಲಿ ಇಸಾಕ ತಂದೆಗೆ ಏನನ್ನೋ ಹೇಳುತ್ತಾನೆ. ತನ್ನನ್ನು ಬಿಗಿಯಾಗಿ ಕಟ್ಟೆಂದು ಕೇಳಿಕೊಳ್ಳುತ್ತಾನೆಂಬುದು ಸಂಪಾದಕರ ಪುನಾರಚನೆ. ಆದರೆ ಸುರುಳಿ ಹರಿದಿರುವುದು ಆ ಮಾತಿನ ಮೊದಲಕ್ಷರದ ಬಳಿಯಲ್ಲೇ. ಇಸಾಕನ ಒಪ್ಪಿಗೆಯ ಪುರಾತನ ಸಾಕ್ಷ್ಯ ಹೀಗೆ ಒಂದು ಅಕ್ಷರದ ಮೇಲೆ ನಿಂತಿದೆ.

ಸೌದೆಯೂ ಶಿಲುಬೆಯೂ

ಕ್ರೈಸ್ತ ಓದಿಗೆ ದಾರಿ ಮಾಡಿಕೊಟ್ಟದ್ದು ಗ್ರೀಕ್ ಅನುವಾದ. ಹೀಬ್ರೂ ಪಠ್ಯ ‘ಒಬ್ಬನೇ ಮಗ’ ಎಂದು ಹೇಳುವಲ್ಲಿ ಅದು ‘ಪ್ರಿಯ ಮಗ’ ಎಂದಿತು. ಯೇಸುವಿನ ದೀಕ್ಷಾಸ್ನಾನದ ವೇಳೆ ಕೇಳಿದ ಆಕಾಶವಾಣಿಯ ಸುವಾರ್ತಾ ವರದಿಗಳಲ್ಲಿ ಅದೇ ಗ್ರೀಕ್ ಪದವಿದೆ. ದೇವರು ಸ್ವಂತ ಮಗನನ್ನೂ ಉಳಿಸಿಕೊಳ್ಳಲಿಲ್ಲವೆಂದು ಪೌಲನು ರೋಮನರಿಗೆ ಬರೆದಾಗಲೂ ಆದಿಕಾಂಡದ ಗ್ರೀಕ್ ಕ್ರಿಯಾಪದವೇ ಕಿವಿಗೆ ಬೀಳುತ್ತದೆ.

ಎರಡನೆಯ ಶತಮಾನದಲ್ಲಿ ಸಾರ್ದಿಸ್ ನಗರದ ಮೆಲಿಟೊ ಸೌದೆ ಹೊತ್ತ ಇಸಾಕನಲ್ಲಿ ಶಿಲುಬೆ ಹೊತ್ತ ಕ್ರಿಸ್ತನ ಮುನ್ನೆರಳನ್ನು ಕಂಡ. ಮರುಕ್ಷಣವೇ ಅಂತರವನ್ನೂ ಗುರುತಿಸಿದ: ಇಸಾಕ ನೋವು ತಿನ್ನಲಿಲ್ಲ, ಕ್ರಿಸ್ತ ತಿಂದ. ಮೂರನೆಯ ಶತಮಾನದ ಒರಿಗನ್ ಈ ತೊಡಕನ್ನು ಜಾಣತನದಿಂದ ಬಿಡಿಸಿದ. ಅವನ ಪ್ರಕಾರ ಇಸಾಕ ಮತ್ತು ಟಗರು ಇಬ್ಬರೂ ಕ್ರಿಸ್ತನೇ. ಸಾಯದೆ ಉಳಿದದ್ದು ದೈವಾಂಶ, ಸತ್ತದ್ದು ಶರೀರ. ಅಗಸ್ಟೀನನಿಗೆ ಪೊದೆಗೆ ಸಿಕ್ಕಿಕೊಂಡ ಟಗರಿನಲ್ಲಿ ಮುಳ್ಳಿನ ಕಿರೀಟದ ಯೇಸು ಕಂಡ.

ಇತ್ತ ಐದನೆಯ ಶತಮಾನದ ಹೊತ್ತಿಗೆ ಪ್ಯಾಲೆಸ್ತೀನಿನಲ್ಲಿ ರೂಪುಗೊಂಡ ‘ಬೆರೇಶಿತ್ ರಬ್ಬಾ’ ಎಂಬ ಮಿದ್ರಾಶ್ ಸಂಕಲನ ಕೂಡ, ಸೌದೆ ಹೊತ್ತ ಇಸಾಕನನ್ನು ತನ್ನ ಶೂಲದ ಮರವನ್ನು ತಾನೇ ಹೆಗಲಿಗೇರಿಸಿಕೊಂಡವನಿಗೆ ಹೋಲಿಸುತ್ತದೆ. ರೋಮನ್ ಆಳ್ವಿಕೆಯಲ್ಲಿ ಶಿಲುಬೆ ದಿನನಿತ್ಯದ ಭಯವಾಗಿತ್ತು, ನಿಜ. ಆದರೂ ಚರ್ಚಿನ ಹೋಲಿಕೆಯನ್ನು ಅರಿಯದೆ ರಬ್ಬಿಯೊಬ್ಬರು ಈ ಮಾತನ್ನಾಡಿರಬಹುದೆಂದು ನಂಬುವುದು ಕಷ್ಟ.

ಇಸಾಕನ ಬೂದಿ

ಇಸಾಕ ಎಲ್ಲಿ ಎಂಬ ಪ್ರಶ್ನೆಯನ್ನು ಅದೇ ಸಂಕಲನ ನೇರವಾಗಿ ಎತ್ತುತ್ತದೆ: ತಂದೆ ಅವನನ್ನು ನೋಹನ ಮಗ ಶೇಮನ ಬಳಿಗೆ ಧರ್ಮಶಾಸ್ತ್ರವಾದ ತೋರಾ ಕಲಿಯಲು ಕಳಿಸಿದ, ಅಲ್ಲ, ಕಣ್ಣು ಬಿದ್ದೀತೆಂದು ರಾತ್ರಿಯಲ್ಲಿ ಸಾಗಹಾಕಿದ. ಇವು ಮನೆಮಂದಿ ಕೊಡುವಂಥ ಸಮಾಧಾನಗಳು. ಅದರ ಪಕ್ಕದಲ್ಲೇ ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮೂದಿನಲ್ಲಿ ಮೊರೀಯದ ‘ಇಸಾಕನ ಬೂದಿ’ಯ ಪ್ರಸ್ತಾಪವಿದೆ. ಸುಡದವನ ಬೂದಿ ಎಲ್ಲಿಂದ ಬಂತು? ‘ಪಿರ್ಕೆ ದೆ ರಬ್ಬಿ ಎಲಿಯೆಜರ್’ ಕೃತಿಯಲ್ಲಿ ಕತ್ತಿ ಕುತ್ತಿಗೆ ಮುಟ್ಟಿದೊಡನೆ ಇಸಾಕನ ಪ್ರಾಣ ಹಾರಿಹೋಗಿ, ದೂತನ ದನಿ ಕೇಳಿ ಮರಳುತ್ತದೆ. ಕನ್ನಡ ಓದುಗರಿಗೆ ಇಲ್ಲಿ, ಅತಿಥಿಯಾಗಿ ಬಂದ ಶಿವನಿಗೆ ಮಗನನ್ನೇ ಕೊಂದು ಬಡಿಸಿದ ಸಿರಿಯಾಳನ ಕಥೆ ನೆನಪಾಗದಿರದು. ಡೇವಿಡ್ ಶುಲ್ಮನ್ 1993ರ ತಮ್ಮ ಅಧ್ಯಯನದಲ್ಲಿ ದಕ್ಷಿಣ ಭಾರತದ ಆ ಕಥಾಪರಂಪರೆಯನ್ನು ಅಕೇದಾದ ಜೊತೆಗಿಟ್ಟು ನೋಡಿದ್ದಾರೆ. ಅಲ್ಲಿ ಊಟಕ್ಕೆ ಕರೆದಾಗ ಮಗ ಓಡಿ ಬರುತ್ತಾನೆ, ಮೊರೀಯದಲ್ಲಿ ಕರೆಯುವವರಿಲ್ಲ.

1096ರಲ್ಲಿ ಈ ಹಳೆಯ ಊಹೆಗಳಿಗೆ ರಕ್ತ ಹತ್ತಿತು. ಮೊದಲ ಕ್ರೂಸೇಡಿಗೆ ಹೊರಟ ಗುಂಪುಗಳು ರೈನ್ ತೀರದ ವರ್ಮ್ಸ್, ಮೈಂಟ್ಸ್ ಮೊದಲಾದ ಊರುಗಳ ಯೆಹೂದಿಗಳ ಮೇಲೆ ಬಿದ್ದಾಗ, ಬಲವಂತದ ದೀಕ್ಷಾಸ್ನಾನಕ್ಕಿಂತ ಸಾವೇ ಲೇಸೆಂದು ಕೆಲವು ತಂದೆತಾಯಿಗಳು ತಮ್ಮ ಮಕ್ಕಳನ್ನು ತಾವೇ ಕೊಂದರು. ಒಂದೇ ದಿನದಲ್ಲಿ 1,100 ಅಕೇದಾಗಳು ಎಂದಾದರೂ ನಡೆದದ್ದುಂಟೆ ಎಂದು ಹೀಬ್ರೂ ವೃತ್ತಾಂತವೊಂದು ಕೇಳುತ್ತದೆ. ಇವರ ಕೈಯನ್ನು ಯಾವ ದೂತನೂ ತಡೆದಿರಲಿಲ್ಲ. ಮುಂದಿನ ಶತಮಾನದ ಕವಿ, ಬಾನ್ ಊರಿನ ಎಫ್ರಾಯಿಮ್, ಇಸಾಕ ನಿಜಕ್ಕೂ ಹತನಾಗಿ ಮತ್ತೆ ಬದುಕಿದನೆಂದು ಬರೆದ. ಅವನ ಕವಿತೆಯ ಬೇರುಗಳನ್ನು ಶಾಲೋಮ್ ಸ್ಪೀಗೆಲ್ 1950ರಲ್ಲಿ ಹೀಬ್ರೂ ಪ್ರಬಂಧವೊಂದರಲ್ಲಿ ಹುಡುಕಿದರು. ಹತನಾಗಿ ಎದ್ದುಬಂದ ಮಗನ ಕಥೆ ಚರ್ಚಿನ ನೆರಳಲ್ಲಿ ಬದುಕುತ್ತಿದ್ದವರ ಬಾಯಲ್ಲಿ ಬಂದದ್ದು ಗಮನಾರ್ಹ.

ಸ್ಪೇನಿನಲ್ಲಿ ಹುಟ್ಟಿದ ಅಬ್ರಹಾಮ್ ಇಬ್ನ್ ಎಜ್ರಾ ಅದೇ 12ನೆಯ ಶತಮಾನದಲ್ಲಿ ಈ ಎಲ್ಲಕ್ಕೂ ಬೆನ್ನು ತಿರುಗಿಸಿದ. ಇಸಾಕ ಸತ್ತು ಎದ್ದನೆನ್ನುವುದು ಬರೆದಿರುವುದಕ್ಕೆ ವಿರುದ್ಧ ಎಂದ. ಮಗ ತಂದೆಯ ಅಧೀನದಲ್ಲಿದ್ದುದರಿಂದ ಅವನ ಹೆಸರು ಹೇಳಿಲ್ಲ, ಅಷ್ಟೇ. ವಯಸ್ಸು ಸುಮಾರು 13. ಮೂವತ್ತೇಳರವನು ಒಪ್ಪಿ ಮಲಗಿದ್ದರೆ ಪಠ್ಯ ಅವನನ್ನೂ ಹೊಗಳಬೇಕಿತ್ತಲ್ಲವೇ ಎಂಬುದು ಅವನ ತರ್ಕ.

ಆಧುನಿಕ ಯುರೋಪಿನ ಗಮನ ತಂದೆಯ ಮೇಲೆ ನೆಟ್ಟಿತು. 1798ರಲ್ಲಿ ತತ್ತ್ವಜ್ಞಾನಿ ಕಾಂಟ್ ಅಂಥ ಆಜ್ಞೆ ದೇವರದಾಗಿರಲು ಸಾಧ್ಯವಿಲ್ಲವೆಂದ. 1843ರಲ್ಲಿ ಕೀರ್ಕೆಗಾರ್ ಅಬ್ರಹಾಮನ ನಂಬಿಕೆಯ ಭೀಕರತೆಯನ್ನು ಬಗೆದ. ಇಸಾಕನ ಪ್ರಶ್ನೆ ಹಿಂದೆ ಸರಿಯಿತು.

ಆದಿಕಾಂಡವಾದರೂ ಅವನನ್ನು ಮರೆತಿಲ್ಲ. 24ನೆಯ ಅಧ್ಯಾಯದ ಕೊನೆಯಲ್ಲಿ ಇಸಾಕ ಮತ್ತೆ ಕಾಣಿಸಿಕೊಳ್ಳುತ್ತಾನೆ, ಬೆಯೇರ್ ಲಹೈ ರೋಯಿ ಎಂಬ ಬಾವಿಯ ಕಡೆಯಿಂದ ಬರುತ್ತ. ಅದು ಮನೆ ಬಿಟ್ಟು ಓಡಿದ ಅಬ್ರಹಾಮನ ಉಪಪತ್ನಿ ಹಾಗರಳಿಗೆ ದೇವದೂತ ಕಾಣಿಸಿದ ಜಾಗ. ಅವಳನ್ನು ಕರೆತರಲೆಂದೇ ಅವನು ಅಲ್ಲಿಗೆ ಹೋಗಿದ್ದನೆಂದು ಮಿದ್ರಾಶ್ ಹೇಳುತ್ತದೆ. ಬೆಟ್ಟದ ನಂತರ ತಂದೆ ಮಗ ಮಾತಾಡಿಕೊಂಡದ್ದನ್ನು ಪಠ್ಯ ಎಲ್ಲೂ ದಾಖಲಿಸಿಲ್ಲ. ಇಬ್ಬರೂ ಮತ್ತೆ ಒಂದೇ ದೃಶ್ಯದಲ್ಲಿ ಬರುವುದು ಮಕ್ಪೇಲದ ಗವಿಯಲ್ಲಿ. ಅಲ್ಲಿ ಹಾಗರಳ ಮಗ ಇಷ್ಮಾಯೇಲನ ಜೊತೆ ಸೇರಿ ಇಸಾಕ ಅಬ್ರಹಾಮನನ್ನು ಮಣ್ಣು ಮಾಡುತ್ತಾನೆ.